ಮುರಕಲ್ಲಿನ ನಾಡಲ್ಲಿ ರಕ್ತ ಕಮ್ಮಿ

ಕಾಲ ಕೆಳಗೆ ಕಬ್ಬಿಣದ ಮಣ್ಣು, ಕಪಾಟಿನಲ್ಲಿ ಕೆಂಪು ಗುಳಿಗೆ. ಆದರೂ ಕೇರಳದಲ್ಲಿ ಹೆಚ್ಚುಕಡಿಮೆ ಮೂವರು ಗರ್ಭಿಣಿಯರಲ್ಲಿ ಒಬ್ಬರಿಗೆ ರಕ್ತಹೀನತೆ. ಮನೆ ತಲುಪಿದ ಗುಳಿಗೆ ರಕ್ತಕ್ಕೆ ಸೇರುವ ದಾರಿಯಲ್ಲಿ ಎಲ್ಲೆಲ್ಲಿ ತಪ್ಪಿಸಿಕೊಳ್ಳುತ್ತದೆ? ಆಟಿ ತಿಂಗಳ ಮಳೆಯಲ್ಲಿ ಕಾಸರಗೋಡಿನಿಂದ ಒಂದು ನೋಟ.

ಆಟಿಯ ಮಳೆ ಹಿಡಿದರೆ ಪೈವಳಿಕೆ, ಬಾಯಾರು ಕಡೆಯ ಗುಡ್ಡಗಳಿಂದ ಇಳಿಯುವ ನೀರಿಗೆ ಇಟ್ಟಿಗೆಯ ಬಣ್ಣ. ಅದು ಚರಂಡಿ ತುಂಬಿ ರಸ್ತೆಗೆ ಬರುತ್ತದೆ, ಆಟೊರಿಕ್ಷಾದ ಚಕ್ರಕ್ಕೆ ಸಿಕ್ಕಿ ಬಸ್ಸು ಕಾಯುವವರ ಸೀರೆಯಂಚಿಗೆ ಹಾರುತ್ತದೆ. ಆ ಕಲೆ ನಾಲ್ಕು ಸಲ ಒಗೆದರೂ ಹೋಗುವುದಿಲ್ಲ.

ಅದು ಕಬ್ಬಿಣದ ಕಲೆ.

ಕುಟುಂಬ ಆರೋಗ್ಯ ಕೇಂದ್ರದ ಜಗಲಿಯಲ್ಲಿ ಒರಗಿಸಿಟ್ಟ ಕೊಡೆಗಳಿಂದ ನೀರು ಇಳಿಯುತ್ತಿದೆ. ಬೆಂಚಿನ ಮೇಲೆ ಗರ್ಭಿಣಿಯರು, ಜೊತೆಗೆ ಅಮ್ಮನೋ ಅತ್ತೆಯೋ. ಮಾತು ತುಳುವಿನಲ್ಲಿ ಹುಟ್ಟಿ, ಮಲಯಾಳಕ್ಕೆ ಹಾರಿ, ಬ್ಯಾರಿಯಲ್ಲಿ ನಗು ತರಿಸಿ, ಕನ್ನಡದಲ್ಲಿ ಮುಗಿಯುತ್ತದೆ. ಸಿಸ್ಟರ್ ಬೆರಳ ತುದಿ ಒರೆಸಿ ಚುಚ್ಚುತ್ತಾರೆ. ಒಂದು ಹನಿ ರಕ್ತ ಪಟ್ಟಿಗೆ, ಪಟ್ಟಿ ಅಂಗೈಯಗಲದ ಯಂತ್ರಕ್ಕೆ.

“ಎಷ್ಟುಂಟು ಸಿಸ್ಟರ್?”

“ಒಂಬತ್ತು ಪಾಯಿಂಟ್ ಎರಡು. ಕಮ್ಮಿ ಆಯ್ತಲ್ಲ. ಗುಳಿಗೆ ತಿಂತಾ ಇದ್ದೀರಲ್ಲ?”

ಉತ್ತರ ಕೊಡುವುದು ಅತ್ತೆ. “ಹೌದು ಸಿಸ್ಟರ್, ದಿನಾ ತಿಂತಾಳೆ.” ಸೊಸೆ ಹೊರಗಿನ ಮಳೆ ನೋಡುತ್ತಾಳೆ.

ಜಿಲ್ಲೆಯ ಯಾವ ಆರೋಗ್ಯ ಕೇಂದ್ರದ ಜಗಲಿಯಲ್ಲಿ ಕೂತರೂ ಇಂಥ ಮಾತು ಕಿವಿಗೆ ಬೀಳುತ್ತದೆ. ಭಾಷೆ ಬೇರೆಯಿರಬಹುದು, ಅಂಕೆ ಬೇರೆಯಿರಬಹುದು. ಅತ್ತೆಯ ಉತ್ತರ ಮತ್ತು ಸೊಸೆಯ ಮೌನ ಮಾತ್ರ ಅವೇ.

ತಿಂದ ಮಣ್ಣು, ಸೇರದ ಕಬ್ಬಿಣ

ಕಾಸರಗೋಡಿನ ನೆಲವೇ ಕಬ್ಬಿಣದ್ದು. ಬೇಕಲ ಕೋಟೆಯನ್ನು ಕಟ್ಟಿದ್ದು ಮುರಕಲ್ಲಿನಿಂದ. ಗುಡ್ಡದ ಹೊಟ್ಟೆಗೆ ಸುರಂಗ ಕೊರೆದು ನೀರು ತಂದ ರೈತರು ಕೊರೆದದ್ದೂ ಅದನ್ನೇ. 1800ರ ಕೊನೆಗೆ ಮಲಬಾರಿನಲ್ಲಿ ತಿರುಗಾಡಿದ ಫ್ರಾನ್ಸಿಸ್ ಬುಕಾನನ್ ಅಂಗಾಡಿಪುರದಲ್ಲಿ ಈ ಕಲ್ಲನ್ನು ಕಂಡು, 1807ರಲ್ಲಿ ಬಂದ ತನ್ನ ಪುಸ್ತಕದಲ್ಲಿ ‘ಲ್ಯಾಟರೈಟ್’ ಎಂದು ಕರೆದ. ಲೋಕದ ಭೂವಿಜ್ಞಾನಿಗಳೆಲ್ಲ ಇಂದಿಗೂ ಬಳಸುವುದು ಅದೇ ಹೆಸರನ್ನು. ಲಕ್ಷಾಂತರ ವರ್ಷಗಳ ಮಳೆ ಉಳಿದ ಸತ್ವವನ್ನೆಲ್ಲ ತೊಳೆದೊಯ್ದ ಮೇಲೆ ಹಿಂದೆ ನಿಂತದ್ದು ಕಬ್ಬಿಣ ಮತ್ತು ಅಲ್ಯುಮಿನಿಯಂ. ಕೆಂಪು ಬಣ್ಣ ಕಬ್ಬಿಣದ ತುಕ್ಕಿನದು.

ಆದರೆ ತುಕ್ಕು ರಕ್ತವಾಗುವುದಿಲ್ಲ. ಕರಗದ ರೂಪದಲ್ಲಿರುವ ಆ ಕಬ್ಬಿಣವನ್ನು ನಮ್ಮ ಕರುಳು ಹೀರಿಕೊಳ್ಳಲಾರದು. ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಬಸುರಿಯಾದಾಗ ಕೆಲವರಿಗೆ ಮೊದಲ ಮಳೆಯ ಮಣ್ಣಿನ ವಾಸನೆಗೆ ಬಾಯಲ್ಲಿ ನೀರೂರುತ್ತದೆ. ಇನ್ನು ಕೆಲವರು ಹಂಚಿನ ಚೂರು, ಸುಣ್ಣದಕಡ್ಡಿ, ಹಸಿ ಅಕ್ಕಿ ಜಗಿಯುತ್ತಾರೆ. ಫ್ರಿಜ್ಜಿನ ಮಂಜುಗಡ್ಡೆ ಕಡಿಯುವವರೂ ಇದ್ದಾರೆ. ಮನೆಯವರು ‘ಬಯಕೆ’ ಎಂದು ನಕ್ಕು ಸುಮ್ಮನಾಗುತ್ತಾರೆ. ವೈದ್ಯರ ಕಣ್ಣಿಗೆ ಅದು ಹಲವು ಸಲ ಕಬ್ಬಿಣದ ಕೊರತೆಯ ಕುರುಹು. ತಿಂದ ಮಣ್ಣು ಕೊರತೆಯನ್ನು ತುಂಬುವ ಬದಲು, ಊಟದಲ್ಲಿ ಬಂದ ಕಬ್ಬಿಣವನ್ನೂ ಹಿಡಿದಿಟ್ಟು ಹೊರಗೆ ಸಾಗಿಸಬಲ್ಲದು. ಸೀಮಂತದ ದಿನ ಬಗೆಬಗೆಯ ತಿಂಡಿ ಮಾಡಿ ಬಯಕೆ ತೀರಿಸುವ ನಾವು, ಈ ಬಯಕೆಯ ಸುದ್ದಿಯನ್ನು ಮಾತ್ರ ಆಸ್ಪತ್ರೆಗೂ ಒಯ್ಯಬೇಕು.

ಒಂದು ಗ್ರಾಂ

ಒಂಬತ್ತು ತಿಂಗಳಿಗೆ ಹೆಚ್ಚಾಗಿ ಬೇಕಾಗುವ ಕಬ್ಬಿಣ ಸುಮಾರು 1,000 ಮಿಲಿಗ್ರಾಂ, ಅಂದರೆ ಒಂದೇ ಗ್ರಾಂ. ಚಿನ್ನದ ದರ ದಿನಾ ನೋಡುವ ನಾಡಿಗೆ ಗ್ರಾಮಿನ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಅದರಲ್ಲಿ ಅರ್ಧದಷ್ಟು ಹೋಗುವುದು ತಾಯಿಯ ರಕ್ತ ಹೆಚ್ಚಿಸಲು. ಮಗು ಮತ್ತು ಮಾಸಿಗೆ ಸುಮಾರು 300 ಮಿಲಿಗ್ರಾಂ. ಉಳಿದದ್ದು ದೇಹ ದಿನವೂ ಕಳೆದುಕೊಳ್ಳುವ ಚೂರುಪಾರು. ಮೊದಲ ಮೂರು ತಿಂಗಳು ಬೇಡಿಕೆ ಕಡಿಮೆ. ಮುಟ್ಟು ನಿಂತಿರುವುದರಿಂದ ತುಸು ಉಳಿತಾಯವೂ ಆಗುತ್ತದೆ. ನಾಲ್ಕನೆಯ ತಿಂಗಳಿಂದ ಏರು ಶುರು. ಕೊನೆಯ ಮೂರು ತಿಂಗಳಲ್ಲಿ ಮಗು ತನ್ನ ಪಾಲನ್ನು ಎಳೆದುಕೊಳ್ಳುವ ವೇಗಕ್ಕೆ ಬರಿ ಊಟ ಸರಿಗಟ್ಟುವುದು ಕಷ್ಟ.

ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪರಿಷ್ಕರಿಸಿದ ಪಟ್ಟಿಯಂತೆ ಗರ್ಭಿಣಿಯ ಆಹಾರದಲ್ಲಿ ದಿನಕ್ಕೆ 27 ಮಿಲಿಗ್ರಾಂ ಕಬ್ಬಿಣ ಇರಬೇಕು. ಸೊಪ್ಪು, ಬೇಳೆ, ಅನ್ನದ ಊಟದಲ್ಲಿ ಇರುವ ಕಬ್ಬಿಣದಲ್ಲಿ ನೂರಕ್ಕೆ ಐದೋ ಹತ್ತೋ ಪಾಲು ಮಾತ್ರ ರಕ್ತಕ್ಕೆ ಸೇರುತ್ತದೆ. “ನಮ್ಮ ಅಜ್ಜಿ ಹತ್ತು ಹೆತ್ತಳು, ಯಾವ ಗುಳಿಗೆ ತಿಂದಿದ್ದಳು?” ಎಂದು ಕೇಳುವವರು ಎಲ್ಲ ಕೇರಿಯಲ್ಲೂ ಸಿಗುತ್ತಾರೆ. ಹತ್ತರಲ್ಲಿ ಎಷ್ಟು ಉಳಿದವು, ಹೆರಿಗೆಯಲ್ಲಿ ಹೋದ ಅಜ್ಜಿಯರೆಷ್ಟು ಎಂಬುದನ್ನು ಅವರು ಕೇಳುವುದಿಲ್ಲ.

■ ಹನ್ನೊಂದರ ಗೆರೆ

ಗರ್ಭಿಣಿಯ ಹಿಮೋಗ್ಲೋಬಿನ್ ಡೆಸಿಲೀಟರಿಗೆ 11 ಗ್ರಾಂಗಿಂತ ಕೆಳಗಿಳಿದರೆ ರಕ್ತಹೀನತೆ. 10ರಿಂದ 10.9 ಸೌಮ್ಯ, 7ರಿಂದ 9.9 ಮಧ್ಯಮ, 7ಕ್ಕಿಂತ ಕಡಿಮೆಯಾದರೆ ತೀವ್ರ. 5ಕ್ಕಿಂತ ಕೆಳಗಿದ್ದರೆ ಕೂಡಲೇ ಆಸ್ಪತ್ರೆಗೆ ಸೇರಿಸಬೇಕು.
ಗರ್ಭಿಣಿಯಲ್ಲದ ಹೆಂಗಸರಿಗೆ ಈ ಗೆರೆ 12. ಬಸುರಿಯಲ್ಲಿ ರಕ್ತದ ನೀರಿನಂಶ ಕೆಂಪುಕಣಗಳಿಗಿಂತ ವೇಗವಾಗಿ ಹೆಚ್ಚುವುದರಿಂದ ಅಂಕೆ ತುಸು ಇಳಿಯುವುದು ಸಹಜ. ಆ ಇಳಿತವನ್ನು ಲೆಕ್ಕಕ್ಕೆ ಹಿಡಿದೇ ಹನ್ನೊಂದು ಎಂದಿಟ್ಟಿದ್ದಾರೆ. ಹಾಗಾಗಿ “ಬಸುರಿಯಲ್ಲಿ ಕಮ್ಮಿ ಇರುವುದೇ” ಎಂದು ಒಂಬತ್ತನ್ನು ಬಿಟ್ಟುಬಿಡುವಂತಿಲ್ಲ.

ಕೇರಳದ ಒಗಟು

ಹೆರಿಗೆಯ ವಿಷಯದಲ್ಲಿ ಕೇರಳ ದೇಶಕ್ಕೆ ಮೇಲ್ಪಂಕ್ತಿ. 2018–20ರ ಲೆಕ್ಕದಲ್ಲಿ ಒಂದು ಲಕ್ಷ ಹೆರಿಗೆಗೆ ಕೇರಳದಲ್ಲಿ ತೀರಿಕೊಂಡ ತಾಯಂದಿರು 19. ಕರ್ನಾಟಕದಲ್ಲಿ 69, ದೇಶದಲ್ಲಿ 97. ರಕ್ತಹೀನತೆಯ ವಿಷಯದಲ್ಲೂ ಕೇರಳದ ಸ್ಥಿತಿ ಹೆಚ್ಚಿನ ರಾಜ್ಯಗಳಿಗಿಂತ ಮೇಲು. ಆದರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಎರಡು ಸುತ್ತುಗಳನ್ನು ಪಕ್ಕಪಕ್ಕ ಇಟ್ಟರೆ ಹುಬ್ಬು ಗಂಟಿಕ್ಕುತ್ತದೆ. 2015–16ರಲ್ಲಿ ಕೇರಳದ ಗರ್ಭಿಣಿಯರಲ್ಲಿ ನೂರಕ್ಕೆ 22.6 ಮಂದಿಗೆ ರಕ್ತಹೀನತೆ ಇತ್ತು. 2019–21ಕ್ಕೆ ಅದು 31.4. ಕರ್ನಾಟಕ 45ರ ಆಸುಪಾಸಿನಲ್ಲೇ ನಿಂತಿತು. ದೇಶ 50.4ರಿಂದ 52.2ಕ್ಕೆ ಏರಿತು.

ಬೆರಳ ತುದಿಯ ಒಂದು ಹನಿಯಿಂದ ಅಳೆದ ಲೆಕ್ಕ ಎಷ್ಟು ಸರಿ ಎಂಬ ತಕರಾರು ತಜ್ಞರಲ್ಲಿದೆ. ಇರಲಿ, ಅಳತೆ ತುಸು ಆಚೀಚೆಯಾದರೂ ದಿಕ್ಕು ಒಳ್ಳೆಯದಲ್ಲ. ಕೇರಳ ಸರಕಾರ 2023ರ ಫೆಬ್ರವರಿಯಲ್ಲಿ ‘ವಿವಾ ಕೇರಳಂ’ ಎಂಬ ಆಂದೋಲನವನ್ನೇ ಹೂಡಬೇಕಾಯಿತು.

ಗುಳಿಗೆಗೆ ಬರವಿಲ್ಲ ಎಂಬುದು ಇಲ್ಲಿನ ಒಗಟು. ರಕ್ತಹೀನತೆ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದು 1970ರಲ್ಲಿ. ಹೆಸರು ಬದಲಾಗುತ್ತ ಬಂದು 2018ರಿಂದ ಅದು ‘ರಕ್ತಹೀನತೆ ಮುಕ್ತ ಭಾರತ’. ನಾಲ್ಕನೆಯ ತಿಂಗಳಿಂದ ದಿನಕ್ಕೊಂದರಂತೆ 180 ದಿನ ಕೆಂಪು ಗುಳಿಗೆ. ಒಂದೊಂದರಲ್ಲೂ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆ್ಯಸಿಡ್. ದುಡ್ಡು ಕೊಡಬೇಕಾಗಿಲ್ಲ. 2019–21ರ ಸಮೀಕ್ಷೆಯಲ್ಲಿ 180 ದಿನವೂ ತಿಂದೆವು ಎಂದವರು ದೇಶದಲ್ಲಿ ನೂರಕ್ಕೆ 26 ಮಾತ್ರ. ಕೇರಳದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು. ‘ತಿಂದೆವು’ ಎಂದವರಲ್ಲಿ ಜಗಲಿಯ ಆ ಅತ್ತೆಯ ಉತ್ತರವೂ ಸೇರಿರಬಹುದು.

ಕಪಾಟಿನಲ್ಲೇ ಉಳಿದದ್ದು

ಗುಳಿಗೆ ಬಿಟ್ಟವರನ್ನು ಬಯ್ಯುವುದು ಸುಲಭ. ಬಿಡಲು ಅವರಿಗೆ ಕಾರಣಗಳಿವೆ.

ಮೊದಲೇ ವಾಂತಿಯಿಂದ ಬಳಲಿದ ಹೆಣ್ಣಿಗೆ ಆ ಗುಳಿಗೆಯ ವಾಸನೆಯೇ ಸಾಕು. ನುಂಗಿದರೆ ಹೊಟ್ಟೆ ತೊಳಸುತ್ತದೆ, ಮಲ ಕಟ್ಟುತ್ತದೆ. ಮೂರನೆಯ ದಿನ ಮಲ ಕಪ್ಪಾದದ್ದನ್ನು ಕಂಡು ಹೆದರಿಕೆ. ಹೀರಿಕೊಳ್ಳದೆ ಉಳಿದ ಕಬ್ಬಿಣ ಹೊರಗೆ ಹೋಗುವಾಗ ಕಪ್ಪಾಗುತ್ತದೆ, ಅದರಿಂದ ಏನೂ ಆಗುವುದಿಲ್ಲ ಎಂಬ ಒಂದು ವಾಕ್ಯವನ್ನು ಗುಳಿಗೆ ಕೊಡುವಾಗಲೇ ಹೇಳಿದ್ದರೆ ಎಷ್ಟೋ ಪಟ್ಟಿಗಳು ಖಾಲಿಯಾಗುತ್ತಿದ್ದವು. ಮೂವತ್ತು ಜನರ ಸರದಿಯ ಮುಂದೆ ನಿಂತ ಸಿಸ್ಟರಿಗೆ ಆ ವಾಕ್ಯಕ್ಕೆ ಪುರುಸೊತ್ತು ಇರಬೇಕಲ್ಲ!

ಕಪಾಟಿಗೆ ಬೀಗ ಹಾಕುವ ನಂಬಿಕೆಗಳು ಬೇರೆ ಇವೆ. ಗುಳಿಗೆ ತಿಂದರೆ ಮಗು ದೊಡ್ಡದಾಗಿ ಸಿಸೇರಿಯನ್ ಆಗುತ್ತದಂತೆ. ಮಗು ಕಪ್ಪಾಗುತ್ತದಂತೆ. ‘ಉಷ್ಣ’ವಂತೆ. ಒಂದಕ್ಕೂ ಆಧಾರವಿಲ್ಲ. ತಾಯಿಯ ರಕ್ತಹೀನತೆಗೂ ದಿನ ತುಂಬುವ ಮೊದಲೇ ಆಗುವ ಹೆರಿಗೆ, ಕಡಿಮೆ ತೂಕದ ಮಗು ಇವಕ್ಕೂ ನಂಟಿದೆ ಎಂಬುದಕ್ಕೆ ಮಾತ್ರ ಬೇಕಾದಷ್ಟು ಆಧಾರವಿದೆ. ಬಿಳಿ ಮಗು ಬೇಕೆಂದು ಕೇಸರಿ ಹಾಲು ಕುಡಿಸುವ ಮನೆಯಲ್ಲಿ ಅದೇ ಹಾಲಿನ ಜೊತೆ ಕಬ್ಬಿಣದ ಗುಳಿಗೆಯನ್ನೂ ನುಂಗಿಸುತ್ತಾರೆ. ಹಾಲಿನ ಕ್ಯಾಲ್ಸಿಯಂ ಕಬ್ಬಿಣಕ್ಕೆ ಅಡ್ಡ ಬರುತ್ತದೆ. ಇದೇ ಕಾರಣಕ್ಕೆ, ಆಸ್ಪತ್ರೆಯಲ್ಲಿ ಕಬ್ಬಿಣದ ಗುಳಿಗೆಯ ಸಂಗಡವೇ ಕೈಗೆ ಬರುವ ಕ್ಯಾಲ್ಸಿಯಂ ಗುಳಿಗೆಯನ್ನೂ ಒಟ್ಟಿಗೆ ನುಂಗಬಾರದು. ಎರಡರ ನಡುವೆ ಕನಿಷ್ಠ ಎರಡು ಗಂಟೆ ಅಂತರ ಬೇಕು. ಚೀಟಿಯಲ್ಲಿ ಎರಡೂ ಒಂದರ ಕೆಳಗೊಂದು ಬರೆದಿರುತ್ತವೆ. ಓದುವವರು ಎರಡನ್ನೂ ಒಂದೇ ಗುಟುಕಿಗೆ ಇಳಿಸುತ್ತಾರೆ.

ಓದುವವರು ಎಂದೆನಲ್ಲ. ಕಾಸರಗೋಡಿನಲ್ಲಿ ಅಲ್ಲೇ ಇನ್ನೊಂದು ತೊಡಕು. ಪುತ್ತೂರು, ಸುಳ್ಯ, ಬಂಟ್ವಾಳದಿಂದ ಕುಂಬಳೆಗೋ ಬದಿಯಡ್ಕಕ್ಕೋ ಮದುವೆಯಾಗಿ ಬಂದ ಹುಡುಗಿಗೆ ಮಲಯಾಳದ ಲಿಪಿ ಬರುವುದಿಲ್ಲ. ಈ ಜಿಲ್ಲೆಯ ಕನ್ನಡಿಗರು ಭಾಷೆಯ ಹಕ್ಕಿಗಾಗಿ 1956ರಿಂದ ಅರ್ಜಿ ಬರೆಯುತ್ತಲೇ ಬಂದಿದ್ದಾರೆ. ಶಾಲೆ, ಕಚೇರಿ, ಬಸ್ಸಿನ ಬೋರ್ಡಿನ ಬಗ್ಗೆ ಬರೆದಷ್ಟು ಗುಳಿಗೆಯ ಬಗ್ಗೆ ಬರೆದಿಲ್ಲ. “ಚಾದ ಜೊತೆ ಬೇಡ, ಹಾಲಿನ ಜೊತೆ ಬೇಡ, ಮಲ ಕಪ್ಪಾದರೆ ಹೆದರಬೇಡ” ಎಂಬ ಮೂರು ಸಾಲು ಕನ್ನಡದಲ್ಲೂ ತುಳುವಿನಲ್ಲೂ ಅವಳ ಕೈಗೆ ಬಂದರೆ, ಹೊಸದೊಂದು ಔಷಧಿ ಕಂಡುಹಿಡಿದಷ್ಟೇ ಪ್ರಯೋಜನ. ತುಳು ಲಿಪಿ ಬರಬೇಕೆಂದಿಲ್ಲ. ಆಶಾ ಕಾರ್ಯಕರ್ತೆ ಫೋನಿನಲ್ಲಿ ಧ್ವನಿ ಸಂದೇಶ ಕಳಿಸಿದರೂ ಆಯಿತು.

ಗಡಿಯೂ ಒಂದು ತೊಡಕು. ಮೊದಲ ಹೆರಿಗೆ ತವರಿನಲ್ಲಿ. ಏಳನೆಯ ತಿಂಗಳಲ್ಲಿ ಬಯಕೆ ಶಾಸ್ತ್ರ ಮುಗಿಸಿ ತಲಪಾಡಿಯಲ್ಲಿ ಕರ್ನಾಟಕದ ಗಡಿ ದಾಟಿ ಅಮ್ಮನ ಮನೆಗೆ ಹೋದವಳ ಕೇರಳದ ಕಾರ್ಡು ಬ್ಯಾಗಿನಲ್ಲೇ ಉಳಿಯುತ್ತದೆ. ಆಚೆ ‘ತಾಯಿ ಕಾರ್ಡ್’ ಹೊಸತಾಗಬೇಕು. ಈಚೆಯ ಆಶಾಳ ಪಟ್ಟಿಯಿಂದ ಜಾರಿದವಳು ಆಚೆಯ ಆಶಾಳ ಪಟ್ಟಿಗೆ ಹತ್ತುವಷ್ಟರಲ್ಲಿ ವಾರಗಳು ಕಳೆದುಹೋಗುತ್ತವೆ. ಮಗು ಕಬ್ಬಿಣ ಅತಿ ಹೆಚ್ಚು ಕೇಳುವ ತಿಂಗಳುಗಳೂ ಅವೇ. ಇದನ್ನು ತಪ್ಪಿಸಲು ದೊಡ್ಡ ಯೋಜನೆ ಬೇಡ: ಹೊರಡುವ ಮೊದಲು ಉಳಿದ ದಿನಗಳ ಗುಳಿಗೆಯನ್ನು ಒಟ್ಟಿಗೇ ಪಡೆದುಕೊಳ್ಳುವುದು, ತವರಿಗೆ ಹೋದ ವಾರದಲ್ಲೇ ಅಲ್ಲಿನ ಅಂಗನವಾಡಿಯಲ್ಲಿ ಹೆಸರು ಬರೆಸುವುದು. ಕರ್ನಾಟಕದ ಅಂಗನವಾಡಿಗಳಲ್ಲಿ 2017ರ ಅಕ್ಟೋಬರ್ 2ರಂದು ಶುರುವಾದ ‘ಮಾತೃಪೂರ್ಣ’ದಲ್ಲಿ ಗರ್ಭಿಣಿಯರಿಗೆ ಬಿಸಿಯೂಟ ಬಡಿಸಿ, ಅಲ್ಲೇ ಗುಳಿಗೆ ನುಂಗಿಸುವ ಏರ್ಪಾಡು ಇಟ್ಟರು. ಬಸುರಿಯರು ನಡೆದು ಬರಲು ಹಿಂಜರಿದರು, ಜಾತಿಯ ಅಳುಕೂ ಕೆಲವೆಡೆ ಕಾಡಿತು. ಹಾಗಿದ್ದೂ ಗುಳಿಗೆ ಕಣ್ಣೆದುರೇ ಹೊಟ್ಟೆ ಸೇರುವ ಉಪಾಯ ನನಗೆ ಹಿಡಿಸಿತು.

ಮುಂಬಯಿಯ ಗಿರಣಿಯಿಂದ ಬಂದ ಅರ್ಧ ಮಿಲಿಗ್ರಾಂ

ಕೆಂಪು ಗುಳಿಗೆಯಲ್ಲಿ ಕಬ್ಬಿಣದ ಜೊತೆಗಿರುವ ಆ 500 ಮೈಕ್ರೋಗ್ರಾಂ ಫೋಲಿಕ್ ಆ್ಯಸಿಡ್‌ಗೆ ಭಾರತದ ಗರ್ಭಿಣಿಯರದ್ದೇ ಒಂದು ಕಥೆಯಿದೆ.

1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದರು. ಬಟ್ಟೆ ಗಿರಣಿಯ ಬಡ ಹೆಂಗಸರು ಬಸುರಿಯಾದಾಗ ಬಿಳುಚಿಕೊಂಡು ಸಾಯುತ್ತಿದ್ದರು. ಅವರ ರಕ್ತದ ಕೆಂಪುಕಣಗಳು ಕಡಿಮೆಯಷ್ಟೇ ಅಲ್ಲ, ಅಸಹಜವಾಗಿ ದೊಡ್ಡವು. ಕಬ್ಬಿಣ ಕೊಟ್ಟರೆ ಗುಣ ಕಾಣಲಿಲ್ಲ. ವಿಲ್ಸ್ ಮುಂಬಯಿಯಲ್ಲೂ ನೀಲಗಿರಿಯ ಕೂನೂರಿನಲ್ಲೂ ಇಲಿ, ಮಂಗಗಳ ಮೇಲೆ ಪ್ರಯೋಗ ಮಾಡುತ್ತ, ಬಡವರ ಊಟದಲ್ಲಿ ಏನು ಕಮ್ಮಿ ಎಂದು ಹುಡುಕಿದರು. ಕೊನೆಗೆ ನೆರವಾದದ್ದು ಇಂಗ್ಲಿಷರು ಬ್ರೆಡ್ಡಿಗೆ ಹಚ್ಚಿ ತಿನ್ನುವ ಅಗ್ಗದ ಯೀಸ್ಟ್ ಸಾರ, ಮಾರ್ಮೈಟ್. ತಿಂದ ಹೆಂಗಸರು ಕೆಲವೇ ದಿನಗಳಲ್ಲಿ ಚೇತರಿಸಿಕೊಂಡರು. 1931ರಲ್ಲಿ ಅವರು ಅದನ್ನು ಪ್ರಕಟಿಸಿದರು. ಯೀಸ್ಟಿನೊಳಗಿನ ಆ ಅಂಶ ಯಾವುದೆಂದು ತಿಳಿಯದೆ ಲೋಕ ಅದನ್ನು ‘ವಿಲ್ಸ್ ಅಂಶ’ ಎಂದೇ ಕರೆಯಿತು. 1941ರಲ್ಲಿ ಪಾಲಕ್ ಸೊಪ್ಪಿನ ರಾಶಿಯಿಂದ ಬೇರ್ಪಡಿಸಿದ ಫೋಲಿಕ್ ಆ್ಯಸಿಡ್ ಅದೇ ಎಂದು ಆಮೇಲೆ ಗೊತ್ತಾಯಿತು.

ಬಿಳುಚಿಕೊಂಡವರಿಗೆಲ್ಲ ಕಬ್ಬಿಣವೇ ಮದ್ದಲ್ಲ ಎಂಬುದು ಇಂದಿಗೂ ಕೆಲಸಕ್ಕೆ ಬರುವ ತಿಳಿವಳಿಕೆ. ಮೀನು, ಮೊಟ್ಟೆ, ಮಾಂಸ ಮುಟ್ಟದ ಮನೆಗಳಲ್ಲಿ ಬಿ12 ವಿಟಮಿನ್ ಕೊರತೆ ಅಪರೂಪವಲ್ಲ. ಕಾಸರಗೋಡಿನ ಹವ್ಯಕ, ಶಿವಳ್ಳಿ ಮನೆಗಳವರು ಇದನ್ನು ನೆನಪಿಡಬೇಕು. ಕೆಲವರಿಗೆ ಹುಟ್ಟಿನಿಂದಲೇ ಥಲಸ್ಸೀಮಿಯಾದ ಗುಣ ಇರಬಹುದು. ಗುಳಿಗೆಯನ್ನು ಸರಿಯಾಗಿ ತಿಂದೂ ಒಂದು ತಿಂಗಳಲ್ಲಿ ಹಿಮೋಗ್ಲೋಬಿನ್ ಒಂದು ಗ್ರಾಂ ಕೂಡ ಏರದಿದ್ದರೆ, ಅದೇ ಗುಳಿಗೆಯನ್ನು ಇನ್ನೆರಡು ತಿಂಗಳು ತಿನ್ನಿಸುತ್ತ ಕೂರದೆ ಬೇರೆ ಪರೀಕ್ಷೆ ಮಾಡಿಸಬೇಕು.

ಆಟಿಯ ಅಡುಗೆ, ಅಡಿಕೆಯ ಅಡ್ಡಿ

ಮುಂಗಾರಿನ ಟ್ರಾಲಿಂಗ್ ನಿಷೇಧ ಕೇರಳದಲ್ಲಿ 52 ದಿನ, ಜುಲೈ ಕೊನೆಯವರೆಗೆ. ಮೀನು ದುಬಾರಿಯಾದಾಗ ಹಿತ್ತಿಲು ಊಟ ಹಾಕುತ್ತದೆ. ತಜಂಕಿನ ಚಿಗುರು, ಕೆಸುವಿನ ಪತ್ರೊಡೆ, ಒಂದೆಲಗದ ತಂಬುಳಿ, ಬಸಳೆ, ಹರಿವೆ. ಹಸಿವಿನ ತಿಂಗಳೆಂದು ಹೆಸರಾದ ಆಟಿಯಲ್ಲಿ ಹಿರಿಯರು ಗುಡ್ಡದಿಂದ ಆಯ್ದು ತಂದದ್ದರಲ್ಲಿ ಕಬ್ಬಿಣದ ಪಾಲು ಕಡಿಮೆಯಿರಲಿಲ್ಲ. ನೂರು ಗ್ರಾಂ ಹರಿವೆ ಸೊಪ್ಪಿನಲ್ಲಿ ನಾಲ್ಕರಿಂದ ಏಳು ಮಿಲಿಗ್ರಾಂ, ನುಗ್ಗೆ ಸೊಪ್ಪಿನಲ್ಲಿ ನಾಲ್ಕೂವರೆ, ಹುರುಳಿಯಲ್ಲಿ ಎಂಟಕ್ಕೂ ಮಿಕ್ಕಿ. ಕರ್ಕಾಟಕ ತಿಂಗಳಲ್ಲಿ ನುಗ್ಗೆ ಸೊಪ್ಪು ವಿಷ ಎಂಬ ನಂಬಿಕೆ ಇಲ್ಲಿನ ಮಲಯಾಳಿ ಮನೆಗಳಲ್ಲಿ ಬಲವಾಗಿದೆ. ಕಬ್ಬಿಣದ ಮಟ್ಟಿಗೆ ಅದೊಂದು ನಷ್ಟ.

ಇನ್ನು ಕೆಂಪು ಬಣ್ಣದ ಮೋಸ. ರಕ್ತ ಕಮ್ಮಿ ಎಂದ ಕೂಡಲೇ ಗಂಡ ಪೇಟೆಯಿಂದ ದಾಳಿಂಬೆ, ಬೀಟ್‌ರೂಟ್ ಹೊತ್ತು ತರುತ್ತಾನೆ. ಪಾಪ, ದುಬಾರಿಯದ್ದೇ. ನೂರು ಗ್ರಾಂ ದಾಳಿಂಬೆಯಲ್ಲಿ ಅರ್ಧ ಮಿಲಿಗ್ರಾಂ ಕಬ್ಬಿಣವೂ ಇಲ್ಲ. ಬೀಟ್‌ರೂಟಿನಲ್ಲಿ ಒಂದಕ್ಕಿಂತ ಕಡಿಮೆ. ಅದೇ ದುಡ್ಡಿಗೆ ಹುರುಳಿ ತಂದು ಮೊಳಕೆ ಬರಿಸಿ ಸಾರು ಮಾಡಿದರೆ ಮೇಲು.

ಮೀನು ತಿನ್ನುವವರ ದಾರಿ ಸಲೀಸು. ಭೂತಾಯಿ, ಬಂಗುಡೆಯ ಕಬ್ಬಿಣ ಸೊಪ್ಪಿನದಕ್ಕಿಂತ ಸುಲಭವಾಗಿ ರಕ್ತಕ್ಕೆ ಸೇರುತ್ತದೆ. ಜೊತೆಗೆ ಉಂಡ ಅನ್ನ, ಪಲ್ಯದ ಕಬ್ಬಿಣವನ್ನೂ ಎಳೆದುಕೊಂಡು ಹೋಗುತ್ತದೆ. ಎಲ್ಲಕ್ಕಿಂತ ಶ್ರೀಮಂತ ಹೊಳೆಯ ಮರುವಾಯಿ ಮತ್ತು ಕಲ್ಲುಮ್ಮಕ್ಕಾಯಿ. ಜಿಲ್ಲೆಯ ತೆಂಕಣ ತುದಿಯ ಪಡನ್ನ, ಚೆರುವತ್ತೂರಿನ ಹಿನ್ನೀರಿನಲ್ಲಿ ಹೆಂಗಸರ ಸಂಘಗಳು ಹಗ್ಗಕ್ಕೆ ಮರಿ ಕಟ್ಟಿ ಕಲ್ಲುಮ್ಮಕ್ಕಾಯಿ ಬೆಳೆಯುತ್ತವೆ. ಬೆಳೆಸುವವರ ಕೈ ಅದನ್ನು ಮಾರಾಟಕ್ಕೆ ಕಳಿಸುವ ಮೊದಲು ಮನೆಯ ಬಸುರಿಗೂ ಒಂದು ಪಾಲು ಎತ್ತಿಡಲಿ. ಚೆನ್ನಾಗಿ ಬೇಯಿಸಿಯೇ ತಿನ್ನಬೇಕು, ಅಷ್ಟೆ.

ಸೊಪ್ಪು, ಬೇಳೆಯ ಕಬ್ಬಿಣಕ್ಕೆ ಹುಳಿ ಹಣ್ಣುಗಳ ಸಿ ವಿಟಮಿನ್ ಒತ್ತಾಸೆ. ಲಿಂಬೆ ಹಿಂಡಿಕೊಳ್ಳಿ, ನೆಲ್ಲಿಕಾಯಿ ಕಚ್ಚಿ, ಹಿತ್ತಿಲ ಪೇರಳೆ ಕೊಯ್ಯಿರಿ. ಗೇರುಹಣ್ಣಿನಲ್ಲಂತೂ ಕಿತ್ತಳೆಯ ನಾಲ್ಕೈದು ಪಟ್ಟು ಸಿ ವಿಟಮಿನ್ ಇದೆ. ಗೇರು ಎಂದರೆ ಎಂಡೋಸಲ್ಫಾನ್ ಕೀಟನಾಶಕದ ದುರಂತ ನೆನಪಾಗುವ ಈ ನಾಡಿನಲ್ಲಿ ಬೀಜ ಕಿತ್ತುಕೊಂಡು ಹಣ್ಣನ್ನು ಮರದ ಬುಡದಲ್ಲೇ ಕೊಳೆಯಲು ಬಿಡುತ್ತೇವೆ. ಮಾರ್ಚ್‌ನಿಂದ ಮೇವರೆಗೆ ಪುಕ್ಕಟೆ ಸಿಗುವ ಮದ್ದು ಅದು.

ಅಡ್ಡಗಾಲು ಹಾಕುವುದು ಚಾ. ಬಿರಿಯಾನಿಯ ಮೇಲೊಂದು ಸುಲೈಮಾನಿ, ಗಂಜಿಯ ಮೇಲೊಂದು ಕಟ್ಟನ್ ಚಾಯ. ಚಾದ ಟ್ಯಾನಿನ್ ಊಟದ ಕಬ್ಬಿಣವನ್ನು ಕಟ್ಟಿಹಾಕಿ ಅರ್ಧಕ್ಕೂ ಹೆಚ್ಚು ಪಾಲನ್ನು ಪೋಲು ಮಾಡಬಲ್ಲದು. ಕಾಫಿಯೂ ಅದೇ ಜಾತಿ. ಊಟಕ್ಕೂ ಚಾಕ್ಕೂ ಒಂದೆರಡು ಗಂಟೆ ಅಂತರವಿರಲಿ. ಅಡಿಕೆಯಲ್ಲೂ ಟ್ಯಾನಿನ್ ಧಾರಾಳ. ಅಡಿಕೆಯೇ ಅನ್ನ ಕೊಡುವ ಊರಿನಲ್ಲಿ ಇದನ್ನು ಬರೆಯಲು ಕೈ ತಡೆಯುತ್ತದೆ. ಆದರೂ ಬಸುರಿಯಲ್ಲಿ ಅಡಿಕೆ ಜಗಿಯುವವರ ಮಕ್ಕಳ ತೂಕ ಕಡಿಮೆಯಿರುವುದನ್ನು ಬೇರೆ ದೇಶಗಳ ಅಧ್ಯಯನಗಳು ಕಂಡಿವೆ. ಊಟದ ಮೇಲಿನ ಎಲೆಯಡಿಕೆಯ ಹರಿವಾಣ ಆ ಒಂಬತ್ತು ತಿಂಗಳು ಅವಳ ಮುಂದೆ ಬಾರದಿದ್ದರೆ ಒಳ್ಳೆಯದು.

ಅಡಿಕೆ ತೋಟದ ಇನ್ನೊಂದು ಕಾಟ ನೆಲದಲ್ಲಿದೆ. ಬೆಚ್ಚಗಿನ, ತೇವದ, ನೆರಳಿರುವ ಮಣ್ಣು ಕೊಕ್ಕೆಹುಳುವಿಗೆ ಹೇಳಿಮಾಡಿಸಿದ ಮನೆ. ಬರಿಗಾಲಿನ ಚರ್ಮ ತೂರಿ ಒಳಹೊಕ್ಕು, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುವ ಹುಳು ಇದು. ನಾವು ಮೇಲಿನಿಂದ ತುಂಬಿದ ಕಬ್ಬಿಣ ಕೆಳಗಿನಿಂದ ಸೋರುತ್ತದೆ. ಮೂರು ತಿಂಗಳು ಕಳೆದ ಬಳಿಕ ಗರ್ಭಿಣಿಗೆ ಒಂದು ಸಲ 400 ಮಿಲಿಗ್ರಾಂ ಆಲ್ಬೆಂಡಝೋಲ್ ಕೊಡುವುದು ಕಾರ್ಯಕ್ರಮದಲ್ಲೇ ಇದೆ, ಕೇಳಿ ಪಡೆಯಬೇಕು. ತೋಟಕ್ಕೆ ಚಪ್ಪಲಿ ಹಾಕಿ ಹೋಗುವುದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ.

■ ಗುಳಿಗೆ ನುಂಗುವ ಕ್ರಮ

ಖಾಲಿ ಹೊಟ್ಟೆಯಲ್ಲಿ ಲಿಂಬೆ ಶರಬತ್ತಿನೊಂದಿಗೆ ನುಂಗಿದರೆ ಹೆಚ್ಚು ಹಿಡಿಯುತ್ತದೆ. ತಾಳದಿದ್ದರೆ ಊಟವಾಗಿ ಒಂದು ಗಂಟೆ ಬಿಟ್ಟು, ಇಲ್ಲವೇ ಮಲಗುವ ಮೊದಲು. ವಾಂತಿಯಾಯಿತೆಂದು ಪೂರ್ತಿ ಬಿಡುವುದಕ್ಕಿಂತ ಹೊತ್ತು ಬದಲಿಸುವುದು ಲೇಸು.
ಸೌಮ್ಯ, ಮಧ್ಯಮ ರಕ್ತಹೀನತೆಗೆ ದಿನಕ್ಕೆ ಎರಡು ಗುಳಿಗೆ. ಅದು ವೈದ್ಯರು ಹೇಳಿದ ಮೇಲೆ.
ದಿನ ಬಿಟ್ಟು ದಿನ ತಿಂದರೆ ಕಬ್ಬಿಣ ಇನ್ನೂ ಚೆನ್ನಾಗಿ ಹಿಡಿಯುತ್ತದೆ ಎಂದು ಝೂರಿಕ್‌ನ ಸಂಶೋಧಕರು 2017ರಲ್ಲಿ ತೋರಿಸಿದರು. ಅದು ಗರ್ಭಿಣಿಯರಲ್ಲದ ಹೆಂಗಸರ ಮೇಲಿನ ಪ್ರಯೋಗ. ನಮ್ಮ ಕಾರ್ಯಕ್ರಮದಲ್ಲಿ ಗರ್ಭಿಣಿಗೆ ಈಗಲೂ ದಿನಕ್ಕೊಂದು. ಸ್ವಂತ ತೀರ್ಮಾನ ಬೇಡ.
ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಗುಳಿಗೆ ಎಟುಕದಂತಿರಲಿ. ಸಿಹಿ ಲೇಪದ ಕೆಂಪು ಗುಳಿಗೆ ಮಿಠಾಯಿಯಂತೆ ಕಾಣುತ್ತದೆ. ನಾಲ್ಕಾರು ತಿಂದರೆ ಮಗುವಿಗೆ ಪ್ರಾಣಾಪಾಯ.

ದೂರವೂ ಒಂದು ಕಾಯಿಲೆ

ಹೆರಿಗೆಯಲ್ಲಿ ಅರ್ಧ ಲೀಟರಿನವರೆಗೆ ರಕ್ತ ಹೋಗುವುದನ್ನು ಹಿಮೋಗ್ಲೋಬಿನ್ ಹನ್ನೆರಡಿರುವ ಹೆಂಗಸು ತಾಳಿಕೊಂಡಾಳು. ಏಳರವಳಿಗೆ ಅದೇ ಕುತ್ತು. ರಕ್ತಸ್ರಾವ ಮಿತಿಮೀರಿದಾಗ ಬೇಕಾಗುವುದು ರಕ್ತನಿಧಿ, ಶಸ್ತ್ರಕ್ರಿಯೆಯ ಕೋಣೆ, ಅರಿವಳಿಕೆ ವೈದ್ಯರು.

ಕಾಸರಗೋಡಿನ ಬಡಗಣ ಪಂಚಾಯತುಗಳಿಗೆ ಇವೆಲ್ಲ ಒಟ್ಟಿಗೆ ಸಿಗುವ ಊರೆಂದರೆ ಮೊದಲಿನಿಂದಲೂ ಮಂಗಳೂರು. ತೆಂಕಣದವರಿಗೆ ಕಣ್ಣೂರು ಜಿಲ್ಲೆಯ ಪರಿಯಾರಂ. ಜಿಲ್ಲೆಯದೇ ಆದ ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿಗೆ ಅಡಿಗಲ್ಲು ಬಿದ್ದದ್ದು 2013ರಲ್ಲಿ. ಕಾಯುವಿಕೆ ವರ್ಷಗಟ್ಟಲೆ ಎಳೆಯಿತು. 2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣಕ್ಕೆ ತಲಪಾಡಿಯ ಗಡಿ ಮುಚ್ಚಿದಾಗ, ರಸ್ತೆಗೆ ಮಣ್ಣು ಸುರಿದಾಗ, ಮಂಗಳೂರಿನ ನಂಟಿನ ಬೆಲೆ ಎಲ್ಲರಿಗೂ ಗೊತ್ತಾಯಿತು. ಮಂಗಳೂರಿಗೆ ಹೊರಟ ಗರ್ಭಿಣಿಯೊಬ್ಬಳನ್ನು ಗಡಿಯಲ್ಲಿ ತಡೆದದ್ದರಿಂದ ಆಕೆ ಆಂಬುಲೆನ್ಸಿನಲ್ಲೇ ಹೆತ್ತಳು. ಚಿಕಿತ್ಸೆಗೆ ದಾರಿ ಸಿಗದೆ ತೀರಿಕೊಂಡ ರೋಗಿಗಳ ವಿಚಾರ ಕೇರಳ ಹೈಕೋರ್ಟಿನವರೆಗೂ ಹೋಯಿತು.

ಆಸ್ಪತ್ರೆ ದೂರವಿದ್ದಷ್ಟೂ ರಕ್ತ ಗಟ್ಟಿಯಿರಬೇಕು. ದಾರಿಯಲ್ಲಿ ಕಳೆಯುವ ಒಂದು ಗಂಟೆಯನ್ನು ದಾಟಿಸುವುದು ನಾಲ್ಕನೆಯ ತಿಂಗಳಿಂದ ತಿಂದ ಗುಳಿಗೆಯೇ ಹೊರತು, ಕೊನೆಗಳಿಗೆಯಲ್ಲಿ ರಕ್ತ ಕೊಡಲು ಓಡಿ ಬರುವ ಗೆಳೆಯರ ದಂಡಲ್ಲ. ಮಂಜೇಶ್ವರ ತಾಲೂಕಿನ ಕೊರಗರ ಹಾಡಿಗಳಿಗೆ ಈ ಮಾತು ಎಲ್ಲರಿಗಿಂತ ಮೊದಲು ಅನ್ವಯಿಸುತ್ತದೆ. ಕೇರಳದಲ್ಲಿ ಕೊರಗರು ಇರುವುದು ಈ ಜಿಲ್ಲೆಯಲ್ಲಿ ಮಾತ್ರ. ಸರಕಾರದ ಪಟ್ಟಿಯಲ್ಲಿ ಅವರು ವಿಶೇಷ ದುರ್ಬಲ ಬುಡಕಟ್ಟು. ಅಲ್ಲಿಗೆ ಗುಳಿಗೆ ತಲುಪಿಸಿದರೆ ಸಾಲದು, ಜೊತೆಗೆ ಊಟವೂ ತಲುಪಬೇಕು.

ಗುಳಿಗೆ ತಾಳದವರಿಗೆ, ದಿನ ಸಮೀಪಿಸಿದರೂ ಅಂಕೆ ಏರದವರಿಗೆ ರಕ್ತನಾಳದ ಮೂಲಕ ಕಬ್ಬಿಣ ಕೊಡುತ್ತಾರೆ. ಐರನ್ ಸುಕ್ರೋಸ್ ಆದರೆ ಹಲವು ಸಲ, ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಆದರೆ ಹೆಚ್ಚಿನ ಪ್ರಮಾಣ ಒಂದೇ ಸಲ. “ರಕ್ತ ಹಾಕಿದರು” ಎಂದು ಊರೆಲ್ಲ ಸುದ್ದಿಯಾಗುವುದು ಬೇಡ, ಅದು ರಕ್ತವಲ್ಲ. ಮೊದಲ ಮೂರು ತಿಂಗಳು ಅದನ್ನು ಕೊಡುವುದಿಲ್ಲ, ಮತ್ತು ಆಸ್ಪತ್ರೆಯಲ್ಲೇ ಕೊಡಬೇಕು.

ಹೆತ್ತ ಮೇಲೆ

ಹೆರಿಗೆ ಕೋಣೆಯಲ್ಲಿ ಇನ್ನೊಂದು ಪುಕ್ಕಟೆ ಮದ್ದಿದೆ. ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿ ಕತ್ತರಿಸದೆ ಒಂದರಿಂದ ಮೂರು ನಿಮಿಷ ಕಾದರೆ ಮಾಸಿನಲ್ಲಿ ಉಳಿದ ರಕ್ತ ಮಗುವಿಗೆ ಹರಿದುಬರುತ್ತದೆ. ಮುಂದಿನ ತಿಂಗಳುಗಳಿಗೆ ಅದು ಮಗುವಿನ ಕಬ್ಬಿಣದ ಗಂಟು. ಎದೆಹಾಲಿನಲ್ಲಿ ಕಬ್ಬಿಣ ಅಲ್ಪ, ಆದ್ದರಿಂದ ಮಗು ಮೊದಲ ಆರು ತಿಂಗಳು ಬದುಕುವುದು ಹುಟ್ಟುವಾಗ ತಂದ ಗಂಟಿನಲ್ಲೇ. ಆರು ತಿಂಗಳಿಂದ ಮಗುವಿಗೆ ಬೇರೆ ಆಹಾರದ ಜೊತೆ ಕಬ್ಬಿಣದ ಸಿರಪ್ಪೂ ಸಿಗುತ್ತದೆ.

ಬಾಣಂತಿಯ ಪಾಲೇ ಮರೆತುಹೋಗುವುದು. ಬಾಣಂತನದಲ್ಲಿ ಲೇಹ್ಯವುಂಟು, ಎಣ್ಣೆ ನೀರುಂಟು, ಮೆಂತೆ ಗಂಜಿಯುಂಟು; ಕೆಂಪು ಗುಳಿಗೆ ಮಾತ್ರ ಆಸ್ಪತ್ರೆಯ ಚೀಲದಲ್ಲೇ. ಪಥ್ಯದ ಹೆಸರಿನಲ್ಲಿ ಸೊಪ್ಪು, ಹುಳಿ, ಮೀನು ಎಲ್ಲ ಬಂದ್ ಮಾಡುವ ಮನೆಗಳಲ್ಲಂತೂ ಹೆರಿಗೆಯಲ್ಲಿ ಕಳೆದ ರಕ್ತ ತುಂಬುವ ಬಾಗಿಲುಗಳೇ ಮುಚ್ಚಿದಂತೆ. ಕಾರ್ಯಕ್ರಮದ ಪ್ರಕಾರ ಹೆರಿಗೆಯ ಬಳಿಕವೂ ಅದೇ ಗುಳಿಗೆ ಇನ್ನೂ 180 ದಿನ, ದಿನಕ್ಕೊಂದು. ಡಿಸ್ಚಾರ್ಜ್ ಚೀಟಿಯಲ್ಲಿ ಅದು ಬರೆದಿದೆಯೇ ಎಂದು ಹೊರಡುವ ಮೊದಲು ನೋಡಿಕೊಳ್ಳಬೇಕು. ಬರೆದಿಲ್ಲವಾದರೆ ಕೇಳಿ ಬರೆಸಬೇಕು. ತವರಿನಲ್ಲಿ ಹೆತ್ತು ಮೂರನೆಯ ತಿಂಗಳಿಗೆ ಗಂಡನ ಮನೆಗೆ ಮರಳುವವಳು ಈಚೆಯ ಆಶಾಗೆ ಒಂದು ಫೋನ್ ಮಾಡಿದರೆ, ಉಳಿದ ತೊಂಬತ್ತು ಗುಳಿಗೆ ಮನೆಗೇ ಬರುತ್ತದೆ.